ಡಯಲ್‌ಗೆ ಒಂದು ಕಾಗದದ ಪಟ್ಟಿ

2024 ನವೆಂಬರ್ 10, ಭಾನುವಾರ
ಹಿರಿಯಡ್ಕ, ಉಡುಪಿ

ಏರ್ ರೈಫಲ್ ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ ಡಯಲ್‌ಗೆ ದೂರದ ಅಂಕಿ ಬರೆದ ಪಟ್ಟಿ ಅಂಟಿಸಿ ಆಯಿತು. ಜೂನ್‌ನಿಂದ ಮನಸ್ಸಿನಲ್ಲಿದ್ದ ಕೆಲಸ. ಆದರೆ ನಮ್ಮೂರಿನ ಮಳೆಯಲ್ಲಿ ಕಾಗದ, ಗಮ್ಮು, ಗುರಿ ಮೂರೂ ನಿಲ್ಲುವುದಿಲ್ಲ. ದೀಪಾವಳಿ ಮುಗಿಯುವವರೆಗೆ ಸುಮ್ನೆ ಕೂತೆ.

ಮೊದಲು ಒಂದು ಮಾತು. ನನ್ನದು 4.5 ಮಿ.ಮೀ. ಒಳವ್ಯಾಸದ ಬ್ಯಾರಲ್ ಇರುವ ಏರ್ ರೈಫಲ್. 8.4 ಗ್ರೇನ್ ಪೆಲೆಟ್, ಅಂದರೆ ಅರ್ಧ ಗ್ರಾಂ ಚಿಲ್ಲರೆ ಸೀಸ, ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಅದರ ಶಕ್ತಿ 16 ಜೂಲ್ ಒಳಗೆ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ಮತ್ತು 20 ಜೂಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಪಕ್ಕದ ಮನೆಯ ಅಜ್ಜನ ಕೋವಿ ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಕೂರುತ್ತದೆ, ನನ್ನದಕ್ಕೆ ಆ ತಾಪತ್ರಯ ಇಲ್ಲ. "ಮಂಗ ಓಡಿಸ್ಲಿಕ್ಕೆ ಆಗ್ತದಾ?" ಅಂತ ಅಜ್ಜ ಕೇಳುವುದು ಇದ್ದದ್ದೇ. ಆಗುವುದಿಲ್ಲ. ಮಂಗ, ನವಿಲು ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಉಂಟು. ನಾನು ಹೊಡೆಯುವುದು ಕಾಗದಕ್ಕೆ ಮಾತ್ರ.

ಜಾಗ ಭಾವನ ತೋಟ. ಅಡಿಕೆ ಸಾಲಿನ ಪಕ್ಕದ ದಾರಿ ಐವತ್ತು ಮೀಟರ್‌ಗೂ ಸ್ವಲ್ಪ ಜಾಸ್ತಿ ನೇರ ಹೋಗುತ್ತದೆ. ಕೊನೆಯಲ್ಲಿ ಕೆಂಪುಕಲ್ಲಿನ ಎತ್ತರದ ಧರೆ (ಗೋಡೆಯಂಥ ದಿಬ್ಬ), ಅದರಾಚೆ ಮನೆಯಿಲ್ಲ, ದಾರಿಯಿಲ್ಲ. ಆದರೂ ಕೆಂಪುಕಲ್ಲಿಗೆ ಬಡಿದ ಪೆಲೆಟ್ ಎತ್ತ ಸಿಡಿಯುತ್ತದೋ ಹೇಳಲಿಕ್ಕಾಗುವುದಿಲ್ಲ. ಅದಕ್ಕೇ ಗುರಿಯ ಹಿಂದೆ ಮರಳು ತುಂಬಿದ ಗೋಣಿಚೀಲ.

ಈಗ ಡಯಲ್ ವಿಷಯ. ಸ್ಕೋಪಿನ ತಲೆ ಮೇಲಿನ ಡಯಲ್ ತಿರುಗಿಸಿದರೆ ಟಕ್ ಟಕ್ ಅನ್ನುತ್ತದಲ್ಲ, ಆ ಒಂದೊಂದು ಕ್ಲಿಕ್ಕಿಗೆ ಪೆಲೆಟ್ ಬೀಳುವ ಜಾಗ ಕಾಲು ಎಂಒಎ ಸರಿಯುತ್ತದೆ. ಒಂದು ಎಂಒಎ (ಮಿನಿಟ್ ಆಫ್ ಆ್ಯಂಗಲ್, ಕೋನದ ಅಳತೆ) ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. 100 ಮೀಟರ್‌ನಲ್ಲಿ ಅದು 29 ಮಿ.ಮೀ. ಹಾಗಾದರೆ ಒಂದು ಕ್ಲಿಕ್ಕಿಗೆ 25 ಮೀಟರ್‌ನಲ್ಲಿ 1.8 ಮಿ.ಮೀ., 50ರಲ್ಲಿ 3.6. ಡಯಲ್ ಮೇಲೆ ಕಂಪನಿ ಹಾಕಿದ ಅಂಕಿಗಳು ಈ ಎಂಒಎ ಅಂಕಿಗಳೇ. ಅದನ್ನು ನೋಡಿ "40 ಮೀಟರ್‌ಗೆ ಎಷ್ಟು?" ಅಂತ ಪ್ರತಿ ಸಲ ಚೀಟಿ ತೆಗೆಯಬೇಕು. ಅದರ ಬದಲು ಡಯಲ್ ಸುತ್ತ ನೇರವಾಗಿ ಮೀಟರ್ ಬರೆದ ಪಟ್ಟಿ ಇದ್ದರೆ 40ನ್ನು ಗೆರೆಗೆ ತಂದು ಹೊಡೆದರೆ ಆಯಿತು, ಅಲ್ವಾ?

ಫೋನಿನ ಆ್ಯಪ್‌ಗೆ ವೇಗ, ಪೆಲೆಟ್ ತೂಕ, ಸ್ಕೋಪಿನ ಎತ್ತರ ಕೊಟ್ಟರೆ ಪಟ್ಟಿ ತಾನೇ ಬರುತ್ತದೆ. ತುಂಬಾ ಜನ ಅದನ್ನೇ ಪ್ರಿಂಟ್ ಹಾಕಿ ಅಂಟಿಸುತ್ತಾರೆ. ನನಗೆ ಅದು ಒಪ್ಪುವುದಿಲ್ಲ. ಆ್ಯಪ್ ಹೇಳುವುದು ಆ್ಯಪ್‌ನ ಪೆಲೆಟ್ ಕಥೆ. ನನ್ನ ಬ್ಯಾರಲ್‌ನಿಂದ ಹೋಗುವ ಪೆಲೆಟ್ ಎಲ್ಲಿ ಬೀಳುತ್ತದೆ ಅಂತ ಕಾಗದವೇ ಹೇಳಬೇಕು.

ಅಳತೆ ಮಾಡಿದ್ದು ಕಳೆದ ವಾರ. ಸಮುದ್ರದ ಗಾಳಿ ಏಳುವ ಮೊದಲು, ಎಲೆ ಅಲುಗದ ಹೊತ್ತಿನಲ್ಲಿ. ಅರ್ಧ ಗ್ರಾಂ ಪೆಲೆಟ್‌ಗೆ ಸಣ್ಣ ಗಾಳಿಯೂ ಸಾಕು ಪಕ್ಕಕ್ಕೆ ಹೋಗಲಿಕ್ಕೆ. ಅಳಿಯ ಸರ್ವೆಯವರ ಟೇಪು ಹಿಡಿದು 10 ಮೀಟರ್‌ನಿಂದ 50ರವರೆಗೆ ಐದೈದು ಮೀಟರ್‌ಗೆ ಗೂಟ ಹೊಡೆದ. ಅಡಿಕೆ ಮರ ಎಣಿಸಿದರೆ ಸಾಲದಾ ಅಂತ ಅವನ ಪ್ರಶ್ನೆ. ಒಂಬತ್ತು ಅಡಿಗೊಂದು ಮರ ಅಂತ ಹೇಳುವುದು ನಿಜ, ಆದರೆ ಅವನ ಅಜ್ಜ ನೆಟ್ಟ ಸಾಲು ಆ ಲೆಕ್ಕ ಕೇಳಿದ್ದಲ್ಲ.

25 ಮೀಟರ್‌ಗೆ ಝೀರೋ ಮಾಡಿದೆ, ಅಂದರೆ ಅಲ್ಲಿ ಗುರಿಯಿಟ್ಟ ಜಾಗಕ್ಕೇ ಪೆಲೆಟ್ ಬೀಳುವಂತೆ ಡಯಲ್ ಹೊಂದಿಸಿದೆ. ಆಮೇಲೆ ಡಯಲ್ ಮುಟ್ಟದೆ ಪ್ರತಿ ಗೂಟದಲ್ಲಿ ಐದು ಪೆಲೆಟ್, ಗುರಿಯಿಂದ ಎಷ್ಟು ಕೆಳಗೆ ಬಿತ್ತು ಅಂತ ಸ್ಕೇಲಿನಲ್ಲಿ ಅಳತೆ. 40 ಮೀಟರ್‌ನಲ್ಲಿ 38 ಮಿ.ಮೀ. ಕೆಳಗೆ. ಅಲ್ಲಿ ಒಂದು ಕ್ಲಿಕ್ ಅಂದರೆ 2.9 ಮಿ.ಮೀ. ಭಾಗಿಸಿದರೆ 13 ಕ್ಲಿಕ್. 50ರಲ್ಲಿ 102 ಮಿ.ಮೀ., ಅಂದರೆ 28 ಕ್ಲಿಕ್. ಆ್ಯಪ್ ಹೇಳಿದ್ದು 26. ಎರಡು ಕ್ಲಿಕ್ ಅಂದರೆ ಅಲ್ಲಿ 7 ಮಿ.ಮೀ. ವ್ಯತ್ಯಾಸ, ಪೆಲೆಟ್‌ನ ಅಗಲಕ್ಕಿಂತ ಜಾಸ್ತಿ. ಕರಾವಳಿಯ ತೇವದ ಗಾಳಿ ಭಾರ, ಅದಕ್ಕೇ ಹೀಗೆ ಅಂತ ಅಳಿಯ ತೀರ್ಪು ಕೊಟ್ಟ. ತೇವದ ಗಾಳಿ ಒಣ ಗಾಳಿಗಿಂತ ಹಗುರ ಮಾರಾಯಾ, ನೀರಾವಿಯ ಕಣ ನೈಟ್ರೋಜನ್‌ಗಿಂತಲೂ ಆಕ್ಸಿಜನ್‌ಗಿಂತಲೂ ಹಗುರ ಅಂದೆ. ಪಿಯುಸಿ ಪುಸ್ತಕ ತೆಗೆದು ನೋಡಿ ಸುಮ್ಮನಾದ.

ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಹತ್ತಿರದ ದೂರಗಳು. 10 ಮೀಟರ್‌ನಲ್ಲೂ ಪೆಲೆಟ್ ಕೆಳಗೇ ಬೀಳುತ್ತದೆ. ಮೊದಲ ಸಲ ನೋಡಿದವರಿಗೆ ನಂಬಿಕೆ ಬರುವುದಿಲ್ಲ. ಕಾರಣ ಸರಳ. ಸ್ಕೋಪ್ ಕೂತಿರುವುದು ಬ್ಯಾರಲ್‌ಗಿಂತ 45 ಮಿ.ಮೀ. ಮೇಲೆ. ಪೆಲೆಟ್ ಕೆಳಗಿನಿಂದ ಹೊರಟು, ಸ್ವಲ್ಪ ಮೇಲಕ್ಕೆ ಏರಿ, ಕಣ್ಣಿನ ಗೆರೆಯನ್ನು ಮುಟ್ಟಿ, ಮತ್ತೆ ಕೆಳಗಿಳಿಯುತ್ತದೆ. 10 ಮೀಟರ್‌ನಲ್ಲಿ ಅದು ಇನ್ನೂ ಏರುತ್ತಿರುತ್ತದೆ. ನನಗಲ್ಲಿ 17 ಕ್ಲಿಕ್ ಬೇಕು, 40 ಮೀಟರ್‌ಗಿಂತಲೂ ಜಾಸ್ತಿ! 15 ಮತ್ತು 30 ಎರಡಕ್ಕೂ ಒಂದೇ, 3 ಕ್ಲಿಕ್. 20 ಮತ್ತು 25ಕ್ಕೆ ವ್ಯತ್ಯಾಸವೇ ಇಲ್ಲ ಅನ್ನಬಹುದು. ಹಾಗಾಗಿ ಪಟ್ಟಿಯಲ್ಲಿ ಎರಡು ಸಾಲು ಮಾಡಿದೆ. ಮೇಲೆ ಕಪ್ಪಿನಲ್ಲಿ ದೂರದವು, ಕೆಳಗೆ ಕೆಂಪಿನಲ್ಲಿ ಹತ್ತಿರದವು. ಕೆಂಪು 10 ಬಂದು ಕೂತಿರುವುದು ಕಪ್ಪು 40 ಮತ್ತು 45ರ ನಡುವೆ.

25ಕ್ಕೇ ಝೀರೋ ಇಟ್ಟದ್ದೂ ಇದಕ್ಕೇ. ಅದು ಪೆಲೆಟ್ ಹೋಗುವ ಬಾಗಿದ ದಾರಿಯ ತೀರಾ ಮೇಲಿನ ಭಾಗ. ಅಲ್ಲಿಂದ ಎತ್ತ ಹೋದರೂ ಡಯಲ್ ಒಂದೇ ಕಡೆ ತಿರುಗಿಸಿದರೆ ಸಾಕು.

ಪಟ್ಟಿ ಕತ್ತರಿಸುವುದರಲ್ಲೂ ಸಣ್ಣ ಕುಸುರಿ ಉಂಟು. ಡಯಲ್ ವ್ಯಾಸ 30 ಮಿ.ಮೀ., ಸುತ್ತಳತೆ 94.2 ಆಗಬೇಕು. ಆದರೆ ಕಾಗದಕ್ಕೂ ದಪ್ಪ ಇದೆಯಲ್ಲ. ಅದೇ ಸ್ಟಿಕರ್ ಕಾಗದದ ತುಂಡನ್ನು ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಜಾಗಕ್ಕೆ ಸೂಜಿ ಚುಚ್ಚಿದೆ. ಬಿಡಿಸಿ ಎರಡು ತೂತಿನ ನಡುವೆ ಅಳೆದರೆ 94.5. ಒಂದು ಸುತ್ತಿಗೆ 60 ಕ್ಲಿಕ್, ಕ್ಲಿಕ್ಕಿಗೆ 1.575 ಮಿ.ಮೀ. 40 ಮೀಟರ್ ಗೆರೆ ಸೊನ್ನೆಯಿಂದ 20.5 ಮಿ.ಮೀ.ಗೆ, 50 ಮೀಟರ್ ಗೆರೆ 44.1ಕ್ಕೆ. ಗೆರೆಗಳ ನಡುವಿನ ಜಾಗ ದೂರ ಹೋದಂತೆ ಅಗಲವಾಗುತ್ತದೆ. 25ರಿಂದ 30ಕ್ಕೆ ಮೂರೇ ಕ್ಲಿಕ್, 45ರಿಂದ 50ಕ್ಕೆ ಎಂಟು.

ಇನ್ನೊಂದು, ಅಂಕಿಗಳು ಬಲದಿಂದ ಎಡಕ್ಕೆ ಬೆಳೆಯಬೇಕು. ನನ್ನ ಡಯಲ್ ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿದಾಗ ಏರುತ್ತದೆ. ಹಿಂದೆ ಕೂತು ನೋಡುವವನಿಗೆ ಮುಂದಿನ ಅಂಕಿ ಎಡದಿಂದಲೇ ಬರುವುದು. ನಾವು ಓದುವ ಅಭ್ಯಾಸಕ್ಕೆ ಉಲ್ಟಾ.

ಪ್ರಿಂಟ್ ಹಾಕಿಸಿದ್ದು ನಿನ್ನೆ ಸಂಜೆ ಮಣಿಪಾಲದ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಮನೆಯ ಇಂಕ್‌ಜೆಟ್ ಬೇಡ, ಬೆವರಿನ ಕೈ ತಾಗಿದರೆ ಶಾಯಿ ಹರಡುತ್ತದೆ. ಲೇಸರ್ ಪ್ರಿಂಟ್ ಹರಡುವುದಿಲ್ಲ. ಅಂಗಡಿಯವರು ಸ್ಕ್ರೀನ್ ನೋಡಿ, "ಎಂತ ಮಾರಾಯ್ರೆ ಇದು, ಗುಬ್ಬಿಗೆ ಬ್ಲೌಸ್ ಹೊಲಿಲಿಕ್ಕಾ?" ಅಂದರು. ಅಳತೆ ನೂರು ಪರ್ಸೆಂಟ್ ಇಡಿ, ಪೇಜಿಗೆ ಹೊಂದಿಸಬೇಡಿ ಅಂತ ಹೇಳಿದೆ. ಮೂರು ಪರ್ಸೆಂಟ್ ಕುಗ್ಗಿದರೂ ಪಟ್ಟಿ ಸುಮಾರು 3 ಮಿ.ಮೀ. ಗಿಡ್ಡ ಆಗುತ್ತದೆ. ಪಕ್ಕದಲ್ಲೇ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿಟ್ಟಿದ್ದೆ. ಅಲ್ಲೇ ಸ್ಕೇಲ್ ಇಟ್ಟು ನೋಡಿದೆ, ಸರಿಯಿತ್ತು.

ಡಯಲ್‌ನ ಹಳೆಯ ಗಮ್ಮು ತೆಗೆಯಲಿಕ್ಕೆ ತೆಂಗಿನೆಣ್ಣೆಗಿಂತ ಒಳ್ಳೆಯದಿಲ್ಲ. ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಬೇಕು, ಆಮೇಲೆ ಸ್ಪಿರಿಟ್ ಹಾಕಿ ಎಣ್ಣೆಯ ಪಸೆ ಪೂರ್ತಿ ತೆಗೆಯಬೇಕು. ಪಟ್ಟಿಯ ಮೇಲೆ ಪಾರದರ್ಶಕ ಟೇಪ್ ಒಂದು ಸುತ್ತು, ಅಂಚು ಡಯಲ್‌ನ ಹಿಂಭಾಗಕ್ಕೆ ಬರುವಂತೆ.

ಇವತ್ತು ಬೆಳಿಗ್ಗೆ ಪರೀಕ್ಷೆ. ಅಳಿಯ ಬಾಯಿಗೆ ಬಂದ ದೂರ ಕೂಗುವುದು, ನಾನು ಡಯಲ್ ತಿರುಗಿಸುವುದು. 35, 50, ಕೆಂಪು 10, ಎಲ್ಲ ಸರಿ ಬಂತು. 45 ಮಾತ್ರ ಅರ್ಧ ಕ್ಲಿಕ್ಕಿನಷ್ಟು ಆಚೀಚೆ. ಅದನ್ನು ಹಾಗೇ ಬಿಟ್ಟೆ. ಮೇಲಿನಿಂದ ಇಳಿಸುವಾಗ ಬೇಕಾದ ಅಂಕಿ ದಾಟಿ ಹೋಗಿ, ಮತ್ತೆ ಕೆಳಗಿನಿಂದ ಏರಿಸಿ ನಿಲ್ಲಿಸುತ್ತೇನೆ. ಸ್ಕ್ರೂವಿನ ಸಡಿಲ ಪ್ರತಿ ಸಲ ಒಂದೇ ಕಡೆ ಇರಲಿ ಅಂತ.

ಪೆಲೆಟ್ ಬದಲಾದರೆ ಪಟ್ಟಿಯೂ ಬದಲಾಗಬೇಕು. ಫೈಲನ್ನು ಪೆಲೆಟ್ ಹೆಸರಿನಲ್ಲೇ ಸೇವ್ ಮಾಡಿದ್ದೇನೆ. ಇನ್ನು ಪಕ್ಕದ ಫೋಕಸ್ ಚಕ್ರಕ್ಕೂ ಒಂದು ಪಟ್ಟಿ ಮಾಡುವ ಅಂತ ಅಳಿಯನ ಹಠ. ಬಿಸಿಲಿಗೆ ಸ್ಕೋಪ್ ಕಾದರೆ ಆ ಅಂಕಿಗಳು ಸರಿಯುತ್ತವೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದು ನೋಡಬೇಕು. ಅವನಿಗೆ ಡಿಸೆಂಬರ್‌ನಲ್ಲಿ ರಜೆ ಸಿಕ್ಕಾಗ ಮಾಡುವ ಅಂದೆ. ಅಷ್ಟರೊಳಗೆ ದಾರಿಯ ಹುಲ್ಲು ಹೆರೆಸಬೇಕು, 30ರ ಗೂಟ ಈಗಲೇ ಕಾಣುವುದಿಲ್ಲ.