ಇಂಗ್ಲೆಂಡಿನಲ್ಲಿ ಸ್ನೇಹಿತರ ಮನೆಗೆ ಭಾನುವಾರ ರೈಲು ಹತ್ತಬೇಡಿ

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಕವೆಂಟ್ರಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ನಮಗೆ ನಾಲ್ಕೂವರೆ ಗಂಟೆ ಹಿಡಿಯಿತು. ನಾವು ಹೊರಟದ್ದು ಭಾನುವಾರ, ಅದೇ ಆದ ತಪ್ಪು.

ಮಂಗಳೂರಿನಲ್ಲಿ 11 ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದ ಕ್ಯಾಥೊಲಿಕ್ ದಂಪತಿ ಈಗ ಕವೆಂಟ್ರಿಯಲ್ಲಿದ್ದಾರೆ. ನಮಗೆ ಅವರು ಇವತ್ತಿಗೂ ಬಾಯಿ ಮತ್ತು ಪೊರ್ಬುಗಳು; ನಮ್ಮ ಕಡೆ ಕ್ಯಾಥೊಲಿಕ್ ಹೆಂಗಸರನ್ನು ಬಾಯಿ, ಗಂಡಸರನ್ನು ಪೊರ್ಬುಗಳು ಅನ್ನುತ್ತೇವೆ. ಕ್ರಿಸ್‌ಮಸ್‌ಗೆ ಅವರಲ್ಲಿಂದ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು ಬರುತ್ತಿದ್ದವು, ಚೌತಿಗೆ ನಮ್ಮಲ್ಲಿಂದ ಕಡುಬು ಹೋಗುತ್ತಿತ್ತು. ಬಾಯಿ 2003ರಲ್ಲಿ ನರ್ಸ್ ಕೆಲಸಕ್ಕೆ ಹೋದವರು ಅಲ್ಲೇ ನೆಲೆ ನಿಂತರು. "11 ಗಂಟೆಯ ಪೂಜೆಗೆ ಬನ್ನಿ, ಇಗರ್ಜಿಗೆ ಒಟ್ಟಿಗೆ ಹೋಗುವ" ಎಂದು ಫೋನಿನಲ್ಲಿ ಹೇಳಿದ್ದರು. ಇಗರ್ಜಿ ಅಂದರೆ ಚರ್ಚು.

ಅಲ್ಲಿ ಹಳಿ ರಿಪೇರಿಯನ್ನು ಹೆಚ್ಚಾಗಿ ಭಾನುವಾರವೇ ಇಟ್ಟುಕೊಳ್ಳುತ್ತಾರೆ. ಅರ್ಧ ದಾರಿಯಲ್ಲಿ ಎಲ್ಲರನ್ನೂ ಇಳಿಸಿ, ಮುಂದಕ್ಕೆ ಬದಲಿ ಬಸ್ ಅಂದರು. ಬಸ್ ಬರುವವರೆಗೆ 50 ನಿಮಿಷ ಮಳೆಯಲ್ಲಿ ನಿಂತೆವು. ಬಂದ ಬಸ್ಸಿನಲ್ಲಿ ಶೌಚಾಲಯ ಇಲ್ಲ, ಸೂಟ್‌ಕೇಸ್ ಇಡಲು ಜಾಗ ಇಲ್ಲ. ದೊಡ್ಡದನ್ನು ನನ್ನ ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದೆ. ಡ್ರೈವರ್‌ಗೆ ದಾರಿ ಗೊತ್ತಿರಲಿಲ್ಲ, ಮುಂದಿನ ಸೀಟಿನ ಹುಡುಗಿ ಮೊಬೈಲ್ ನೋಡಿ ಹೇಳುತ್ತಿದ್ದಳು. ನನ್ನ ಹೆಂಡತಿಗೆ ಮಂಡಿ ನೋವು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ನೆನಪಿಡಿ.

ಟಿಕೆಟ್ ಕೊಂಡ ಮೇಲೂ, ಹೊರಡುವ ಹಿಂದಿನ ದಿನ ನ್ಯಾಷನಲ್ ರೈಲ್ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿ. ದಾರಿ ನಡುವೆ ಬಸ್ ತೋರಿಸಿದರೆ ಬೇರೆ ರೈಲು ಹುಡುಕಿ. ಶನಿವಾರವೇ ಹೋಗಿ ಉಳಿದುಕೊಂಡರೆ ಇನ್ನೂ ಒಳ್ಳೆಯದು.

ನಾವು ಮುಟ್ಟುವಾಗ ಎರಡೂವರೆ. ಪೂಜೆ ಯಾವಾಗಲೋ ಮುಗಿದಿತ್ತು. ಬಾಯಿ ಇನ್ನೂ ಊಟ ಮಾಡದೆ ಕಾಯುತ್ತಿದ್ದರು. ಸ್ಟೀಲ್ ಪಾತ್ರೆಯೊಳಗೆ ಟವೆಲ್‌ನಲ್ಲಿ ಸುತ್ತಿಟ್ಟ ಸಾನ್ನಾ, ಅಂದರೆ ಶೇಂದಿ ಹಾಕಿ ಉಬ್ಬಿಸುವ ಅಕ್ಕಿ ಇಡ್ಲಿ, ಇನ್ನೂ ಬೆಚ್ಚಗಿತ್ತು. ಅಲ್ಲಿ ಶೇಂದಿ ಎಲ್ಲಿ ಸಿಗಬೇಕು, ಯೀಸ್ಟ್ ಹಾಕಿ ಉಬ್ಬಿಸಿದ್ದರು. ನಮಗಾಗಿ ಕಡಲೆ ಗಸಿ ಮಾಡಿದ್ದರು.

ಅಂಥ ಮನೆಗೆ ಬರಿಗೈಯಲ್ಲಿ ಹೋಗಲು ಆಗುತ್ತದಾ? ಆದರೆ ಊರಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ನಾವು ಹಲಸಿನ ಹಪ್ಪಳ ಒಯ್ದೆವು. ಪೊರ್ಬುಗಳು ಕಟ್ಟು ಬಿಚ್ಚಿ ಮೊದಲು ಮೂಸಿದರು, ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಕವೆಂಟ್ರಿಯಲ್ಲಿ ಹಳೆಯ ಕೆಥೆಡ್ರಲ್, ಅಂದರೆ ಊರಿನ ಮುಖ್ಯ ಚರ್ಚು, ನೋಡಲೇಬೇಕು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಸುಟ್ಟುಹೋದದ್ದು. ಗೋಡೆಗಳಿವೆ, ಚಾವಣಿ ಇಲ್ಲ. ಪಕ್ಕಕ್ಕೇ ಅಂಟಿಕೊಂಡಂತೆ 1962ರ ಹೊಸ ಕೆಥೆಡ್ರಲ್.

ಬುಧವಾರ ಬಾಯಿ ನಮ್ಮನ್ನು ಹತ್ತಿರದ ಒಂದು ಚರ್ಚ್ ಹಾಲ್‌ಗೆ ಊಟಕ್ಕೆ ಕರೆದೊಯ್ದರು. ಇಡೀ ಪ್ರವಾಸದಲ್ಲಿ ಅಷ್ಟು ಒಳ್ಳೆಯ ಊಟ ಹೊರಗೆ ಸಿಗಲಿಲ್ಲ. ತಲೆಗೆ 4 ಪೌಂಡ್. ದಪ್ಪಗಿನ ಆಲೂಗಡ್ಡೆ ಸೂಪ್, ಬಿಸಿ ಬನ್ನು, ಬೆಣ್ಣೆ, ಕೊನೆಗೆ ಹುಳಿ ಸೇಬಿನ ಮೇಲೆ ಗರಿಗರಿ ಪುಡಿ ಉದುರಿಸಿ ಬೇಯಿಸಿದ ಕ್ರಂಬಲ್, ಮೇಲೆ ಬಿಸಿ ಕಸ್ಟರ್ಡ್. ಬಡಿಸುವವರೆಲ್ಲ ಎಪ್ಪತ್ತು ದಾಟಿದವರು. ಸೂಪಿಗೆ ಮಾಂಸದ ನೀರು ಹಾಕಿಲ್ಲ ಎಂದು ನಾವು ಕೇಳುವ ಮೊದಲೇ ಒಬ್ಬ ಅಜ್ಜಿ ಬಂದು ಹೇಳಿದರು. ಚಹಾ ಮುಗಿದ ಹಾಗೆ ತಾವೇ ತುಂಬಿಸುತ್ತಿದ್ದರು. ಚರ್ಚಿನ ಬಾಗಿಲಲ್ಲಿ ಇಂಥ ಊಟದ ಚೀಟಿ ಕಂಡರೆ ಸಂಕೋಚ ಪಡಬೇಡಿ, ಯಾವ ಧರ್ಮ ಅಂತ ಯಾರೂ ಕೇಳಲಿಲ್ಲ.

ಆಮೇಲೆ ಹೋದ ಉತ್ತರ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಮಾತ್ರ ಚೆನ್ನಾಗಿ ಸುಲಿಸಿಕೊಂಡೆವು. ಆಗಸ್ಟ್‌ನ ಕುದುರೆ ಜೂಜಿನ ವಾರ ಅದು. ಲಿಫ್ಟ್ ಇಲ್ಲದ ಮೂರನೇ ಮಹಡಿ, ನಿಂತರೆ ತಲೆಗೆ ತೊಲೆ ಬಡಿಯುವ ಕೋಣೆ, ಒಂದು ರಾತ್ರಿಗೆ 145 ಪೌಂಡ್. ಆ ವಾರ ತಪ್ಪಿಸಿ. ಅಲ್ಲಿನ ದೊಡ್ಡ ಚರ್ಚು ಯಾರ್ಕ್ ಮಿನ್‌ಸ್ಟರ್ ನೋಡಲು ಟಿಕೆಟ್ ಬೇಕು, ಆದರೆ ಸಂಜೆಯ ಪ್ರಾರ್ಥನೆಗೆ ಹೋಗಿ ಕೂರಲು ದುಡ್ಡಿಲ್ಲ. ಸುತ್ತಾಡುವ ಹಾಗಿಲ್ಲ, ಸುಮ್ನೆ ಕೂತು ಗಾಯನ ಕೇಳಬೇಕು. ಭಾನುವಾರ ತಪ್ಪಿದ ಪೂಜೆಯ ಬೇಸರ ನನಗೆ ಅಲ್ಲಿ ಕಳೆಯಿತು.

ರಾತ್ರಿ ಆ ಕೋಣೆಯ ಮಂಚದ ಮೇಲೆ ಕೂತು, ಬಾಯಿ ಕಟ್ಟಿಕೊಟ್ಟಿದ್ದ ಸಾನ್ನಾ ಡಬ್ಬಿ ಬಿಚ್ಚಿದೆವು.