ಟಿಲ್ಬರಿ ಬಂದರಿನಲ್ಲಿ ಮೊಂತಿ ಹಬ್ಬ

ಮೊಂತಿ ಹಬ್ಬಕ್ಕೆ ಎರಡು ಬೇಕೇ ಬೇಕು. ಒಂದು ಹೊಸ ಭತ್ತದ ತೆನೆ, ಇನ್ನೊಂದು ಮನೆಯವರೆಲ್ಲ ಸಾಲಾಗಿ ಕೂತು ಮಾಡುವ ಊಟ. ಇಂಗ್ಲೆಂಡು ಭತ್ತ ಬೆಳೆಯುವ ನಾಡಲ್ಲ. ಹಡಗಿನಲ್ಲಿ ದುಡಿಯುವವರಿಗೆ ಮನೆಯವರ ಜೊತೆ ಊಟ ಸಿಗುವುದಿಲ್ಲ. ಆದರೂ ಕಳೆದ ಸೆಪ್ಟೆಂಬರ್ 8ರಂದು ಲಂಡನ್ ಹತ್ತಿರದ ಟಿಲ್ಬರಿ ಬಂದರಿನಲ್ಲಿ, ಗೋಧಿ ತುಂಬಿಸಿಕೊಳ್ಳುತ್ತಿದ್ದ ಒಂದು ಹಡಗಿನ ಮೆಸ್‌ನಲ್ಲಿ ನಾವು ಮೊಂತಿ ಹಬ್ಬ ಮಾಡಿದೆವು.

ಈ ಹಬ್ಬ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರಿಗೆ ಇದು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಹೊಸ ಅಕ್ಕಿ ಊಟವೂ ಅದೇ ದಿನ. ಆಗಸ್ಟ್ 30ರಿಂದ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ಬೆಳಗ್ಗೆ ಬೇಗ ಎದ್ದು ಬೇಲಿ, ಗುಡ್ಡ ಸುತ್ತಿ ಹೂ ಕೊಯ್ದು ತರುತ್ತಾರೆ. ಪೂಜೆ ಮುಗಿದ ಮೇಲೆ ಸಾಲಾಗಿ ಹೋಗಿ ಬಾಲೆ ಮರಿಯಮ್ಮನ ಮೂರ್ತಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಗೆ ಬಂದು ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆ ಎಲೆ ಊಟ. ಅವತ್ತು ಮೀನು ಇಲ್ಲ, ಮಾಂಸ ಇಲ್ಲ. ತರಕಾರಿ ಪದಾರ್ಥ ಮೂರು, ಐದು, ಏಳು, ಹೀಗೆ ಬೆಸ ಲೆಕ್ಕದಲ್ಲೇ ಇರಬೇಕು. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಚರ್ಚ್ ಇದೆಯಲ್ಲ, 18ನೇ ಶತಮಾನದಲ್ಲಿ ಅಲ್ಲಿದ್ದ ಜೋಕಿಂ ಮಿರಾಂಡ ಎಂಬ ಗೋವಾದ ಪಾದ್ರಿಗಳ ಕಾಲದಿಂದ ಇದು ನಡೆದು ಬಂದಿದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ.

ಊಟಕ್ಕೆ ಬರಲಾಗದ ಮನೆಯವರ ಪಾಲನ್ನು ಮರೆಯುವ ಹಾಗಿಲ್ಲ. ಮುಂಬೈಯಲ್ಲೋ ಕುವೈತ್‌ನಲ್ಲೋ ಇರುವವರಿಗೆ ಆಶೀರ್ವಾದದ ಕಾಳನ್ನು ಕವರಿನಲ್ಲಿ ಹಾಕಿ ಕಳಿಸುತ್ತಾರೆ. ನನ್ನ ಅಪ್ಪ ಹಡಗಿನಲ್ಲಿ ಸ್ಟೀವರ್ಡ್ ಆಗಿದ್ದರು. ಅಮ್ಮ ಅವರ ಪಾಲಿನ ಕಾಳನ್ನು ಕಾಗದದಲ್ಲಿ ಮಡಚಿ ಮುಂಬೈ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದರು. ಅಲ್ಲಿಂದ ಅದು ಹಡಗು ಇದ್ದ ಬಂದರಿಗೆ ಹೋಗಬೇಕು. ಅಷ್ಟರಲ್ಲಿ ಹಡಗು ಮುಂದಿನ ಬಂದರಿಗೆ ಹೊರಟಿರುತ್ತಿತ್ತು. ಕಾಳು ಅಪ್ಪನ ಕೈಗೆ ಸೇರುವಾಗ ಎಷ್ಟೋ ಸಲ ಕ್ರಿಸ್ಮಸ್ ಬಂದಿರುತ್ತಿತ್ತು.

ನಾನು ಇಲ್ಲಿ ಇಂಗ್ಲೆಂಡಿನಲ್ಲಿ ನರ್ಸ್. ರಜೆ ಇದ್ದ ದಿನ ಸ್ಟೆಲ್ಲಾ ಮಾರಿಸ್ ಪರವಾಗಿ ಹಡಗುಗಳಿಗೆ ಹೋಗಿ ಬರುತ್ತೇನೆ. ಅಪ್ಪನನ್ನು ನೋಡಿ ಬೆಳೆದವಳಾದ್ದರಿಂದ ಈ ಕೆಲಸಕ್ಕೆ ಯಾರೂ ನನ್ನನ್ನು ಒಪ್ಪಿಸಬೇಕಾಗಿರಲಿಲ್ಲ. ನಾವಿಕರಿಗಾಗಿ ಕ್ಯಾಥೊಲಿಕ್ ಚರ್ಚ್ ನಡೆಸುವ ಸೇವೆಯೇ ಸ್ಟೆಲ್ಲಾ ಮಾರಿಸ್. 1920ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪೀಟರ್ ಆನ್ಸನ್, ಆರ್ಥರ್ ಗ್ಯಾನನ್ ಮತ್ತು ಜೆಸ್ವಿಟ್ ಸಭೆಯ ಬ್ರದರ್ ಡೇನಿಯಲ್ ಶೀಲ್ಡ್ಸ್ ಇದನ್ನು ಶುರು ಮಾಡಿದರು. ಆಗಿನ ಹೆಸರು ಅಪೋಸಲ್‌ಶಿಪ್ ಆಫ್ ದ ಸೀ. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಈ ಸೇವೆಗೆ ಹೊಸ ನಿಯಮ ಕೊಟ್ಟರು. ನಾವಿಕರು, ಮೀನುಗಾರರು ಮಾತ್ರವಲ್ಲ, ಅವರ ಮನೆಯವರೂ ಅದರಲ್ಲಿ ಬರುತ್ತಾರೆ. ಅದನ್ನು ಓದಿದಾಗ ನನಗೆ ಕಾಳು ಮಡಚಿಡುತ್ತಿದ್ದ ಅಮ್ಮನ ನೆನಪಾಯಿತು.

ಹಡಗಿಗೆ ಹೋಗಿ ಏನು ಮಾಡುತ್ತೀರಿ ಅಂತ ಆಸ್ಪತ್ರೆಯಲ್ಲಿ ಕೇಳುತ್ತಾರೆ. ದೊಡ್ಡ ಕೆಲಸ ಏನಿಲ್ಲ. ಹೆಲ್ಮೆಟ್, ಹಳದಿ ಜಾಕೆಟ್, ಸೇಫ್ಟಿ ಶೂ ಹಾಕಿಕೊಂಡು ಗ್ಯಾಂಗ್‌ವೇ, ಅಂದರೆ ಹಡಗಿನ ಏಣಿ ಹತ್ತಬೇಕು. ಮೇಲೆ ಕಾವಲಿಗೆ ನಿಂತವನಿಗೆ ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಹೆಸರು ಬರೆದು, ಮೆಸ್‌ಗೆ ಹೋಗಿ ಕೂರಬೇಕು. ಸಿಮ್ ಕಾರ್ಡ್, ಜಪಮಾಲೆ, ಚರ್ಚಿನ ಅಜ್ಜಿಯರು ಹೆಣೆದ ಉಣ್ಣೆ ಟೋಪಿ, ಇಷ್ಟು ಚೀಲದಲ್ಲಿ ಇರುತ್ತದೆ. ಯಾರಿಗಾದರೂ ಪೇಟೆಗೆ ಹೋಗಬೇಕಿದ್ದರೆ ವ್ಯಾನ್ ಇದೆ. ಸಂಬಳ ಬಂದಿಲ್ಲ, ಹಲ್ಲು ನೋವು, ಮನೆಯಲ್ಲಿ ಯಾರೋ ತೀರಿಕೊಂಡರು ಅನ್ನುವ ಮಾತುಗಳು ಎರಡನೇ ಕಪ್ ಕಾಫಿ ಹೊತ್ತಿಗೆ ಬರುತ್ತವೆ. ಅದಕ್ಕೇ ನಾನು ಮೊದಲ ಕಪ್ಪಿಗೇ ಏಳುವುದಿಲ್ಲ. ನೀನು ಯಾವ ಧರ್ಮ ಅಂತ ಕೇಳುವ ಪದ್ಧತಿಯೂ ನಮ್ಮಲ್ಲಿಲ್ಲ.

ಅಪ್ಪನ ಕಾಲದಲ್ಲಿ ಹಡಗು ಒಂದು ಬಂದರಿನಲ್ಲಿ ವಾರಗಟ್ಟಲೆ ನಿಲ್ಲುತ್ತಿತ್ತು. ಅಪ್ಪ ನಮಗೆ ಊರುಗಳ ಕಥೆ ಹೇಳುತ್ತಿದ್ದರು. ಈಗಿನ ಕಂಟೇನರ್ ಹಡಗು ಕೆಲವೇ ಗಂಟೆಯಲ್ಲಿ ಸರಕು ಇಳಿಸಿ, ಏರಿಸಿ ಹೊರಡುತ್ತದೆ. 2004ರಲ್ಲಿ ಹೊಸ ಭದ್ರತಾ ನಿಯಮಗಳು ಬಂದ ಮೇಲೆ ಬಂದರಿನ ಗೇಟ್ ದಾಟುವುದೂ ಕಷ್ಟವಾಯಿತು. ಇಪ್ಪತ್ತೋ ಇಪ್ಪತ್ತೈದೋ ಜನ, ತಿಂಗಳುಗಟ್ಟಲೆ ಅದೇ ಮುಖಗಳು. ಜಗತ್ತಿನ ವ್ಯಾಪಾರದ ಸರಕಿನಲ್ಲಿ ನೂರಕ್ಕೆ ಎಂಬತ್ತು ಭಾಗ ಸಾಗುವುದು ಇವರ ಕೈಯಲ್ಲಿ. ಎಲ್ಲರ ಊಟ ಹೊತ್ತು ತರುವವರಿಗೆ ಹಬ್ಬದ ಒಂದು ಊಟ ಸಿಗಬೇಕು, ಇಷ್ಟೇ ನನ್ನ ಮಾತು.

ಆ ಹಡಗು ಸೆಪ್ಟೆಂಬರ್ ಮೊದಲ ವಾರ ಬಂತು. ಮೆಸ್‌ನಲ್ಲಿ ಎಂಜಿನ್ ರೂಮಿನ ಒಬ್ಬ ಹುಡುಗ ನನ್ನ ಕುತ್ತಿಗೆಯ ಶಿಲುಬೆ ನೋಡಿ, ಮಾತಿನ ಧಾಟಿ ಕೇಳಿ, ಕೊಂಕಣಿಯಲ್ಲೇ ಶುರು ಮಾಡಿದ. ಕಿನ್ನಿಗೋಳಿ ಕಡೆಯವನು. ಹಡಗು ಹತ್ತಿ ಏಳು ತಿಂಗಳಾಗಿತ್ತು. "ಆಂಟಿ, ಊರಲ್ಲಿ ನೊವೆನಾ ನಡೀತಾ ಇದೆ ಅಲ್ವಾ? ಎಷ್ಟನೇ ದಿನ ಇವತ್ತು?" ಅಂತ ಕೇಳಿದ. ಅವನ ಪಕ್ಕದಲ್ಲಿದ್ದವರು ಮಲ್ಪೆಯ ಫಿಟ್ಟರ್, ಮೊಗವೀರರು. "ನಮ್ಮಲ್ಲೂ ಕುರಲ್ (ತೆನೆ) ಕಟ್ಟುತ್ತೇವೆ ಅಕ್ಕ, ಹೊಸ ಅಕ್ಕಿ ಊಟ ಮಾಡುತ್ತೇವೆ. ನಾನು ಮಾಡದೆ ಎಷ್ಟೋ ವರ್ಷ ಆಯ್ತು" ಅಂದರು. ಮನೆಗೆ ಬರುವ ರೈಲಿನಲ್ಲೇ ಬಂದರಿನಲ್ಲಿ ನಾವಿಕರ ಸೇವೆ ನೋಡಿಕೊಳ್ಳುವ ಚಾಪ್ಲಿನ್‌ಗೆ ಫೋನ್ ಮಾಡಿದೆ. ಅವರು ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವರು, ಪೂಜೆಗೆ ಪಾದ್ರಿಯೇ ಬೇಕು. ನಮ್ಮ ಪ್ಯಾರಿಷ್‌ನ ಕೇರಳದ ಪಾದ್ರಿ ಒಪ್ಪಿಕೊಂಡರು.

ತೊಂದರೆ ಇದ್ದದ್ದು ದಿನದ್ದು. ಹಡಗು 8ನೇ ತಾರೀಕು ಬೆಳಗ್ಗೆಯೇ ಹೊರಡಬೇಕಿತ್ತು. 6ರ ರಾತ್ರಿ ಮಳೆ ಹಿಡಿಯಿತು. ಗೋಧಿ ಒದ್ದೆಯಾಗಬಾರದು. ಮಳೆ ಬಂದರೆ ಸರಕು ತುಂಬುವ ಬಾಯಿಯ ಮುಚ್ಚಳ (ಹ್ಯಾಚ್) ಮುಚ್ಚಿ, ಲೋಡಿಂಗ್ ನಿಲ್ಲಿಸುತ್ತಾರೆ. 7ರಂದು ದಿನವಿಡೀ ಸುರಿಯಿತು. ಹೊರಡುವುದು 9ಕ್ಕೆ ಹೋಯಿತು. ಊರಿನಲ್ಲಿ ತೆನೆ ಹಬ್ಬಕ್ಕೆ ಮಳೆ ಬಿಡಲಿ ಅಂತ ಬೇಡಿಕೊಳ್ಳುತ್ತಿದ್ದವಳು, ಇಲ್ಲಿ ಕಿಟಕಿ ಹತ್ತಿರ ನಿಂತು ಇನ್ನೂ ಸ್ವಲ್ಪ ಬರಲಿ ಅಂತ ಬೇಡಿಕೊಂಡೆ.

ಇನ್ನು ತೆನೆ. ಟಿಲ್ಬರಿ ಇರುವ ಎಸೆಕ್ಸ್‌ನಲ್ಲಿ ಗೋಧಿ ಗದ್ದೆಗಳಿಗೆ ಬರವಿಲ್ಲ, ಆದರೆ ಆಗಸ್ಟ್ ಮುಗಿಯುವಾಗ ಹೆಚ್ಚಿನವು ಕೊಯ್ಲಾಗಿರುತ್ತವೆ. ಚರ್ಚಿಗೆ ಬರುವ ಒಬ್ಬ ಹೆಂಗಸಿನ ಅಣ್ಣ ರೈತ. ಅವರ ಹೊಲದಲ್ಲಿ ತಡವಾಗಿ ಬಿತ್ತಿದ ಗೋಧಿ ಇನ್ನೂ ನಿಂತಿತ್ತು. ಒಂದು ಹಿಡಿ ಕೊಯ್ದು ಕೊಟ್ಟರು. ಅವರೇ ಹೇಳಿದ್ದು, ಇಂಗ್ಲೆಂಡಿನಲ್ಲೂ ಹಿಂದೆ ಆಗಸ್ಟ್ 1ರಂದು ಹೊಸ ಗೋಧಿಯ ರೊಟ್ಟಿ ಮಾಡಿ ಚರ್ಚಿಗೆ ಒಯ್ಯುತ್ತಿದ್ದರಂತೆ. ಲ್ಯಾಮಸ್ ಅನ್ನುತ್ತಾರೆ.

ತರಕಾರಿಗೆ ಪೂರ್ವ ಲಂಡನ್ನಿನ ಗ್ರೀನ್ ಸ್ಟ್ರೀಟ್‌ಗೆ ಹೋದೆ. ಅಲ್ಲಿ ತೊಂಡೆಕಾಯಿ, ಹೀರೆಕಾಯಿ, ಬೆಂಡೆ, ಹರಿವೆ, ಕೆಸುವಿನ ಎಲೆ ಎಲ್ಲ ಸಿಗುತ್ತದೆ, ಬಾಳೆ ಎಲೆಯೂ ಸಿಗುತ್ತದೆ. ಕೆಸುವಿಗೆ ಹಾಕುವ ಅಂಬಟೆ ಮಾತ್ರ ಸಿಗಲಿಲ್ಲ, ಹುಣಸೆಹುಳಿ ಹಾಕಿದೆ. ತೊಂಡೆಕಾಯಿಗೆ ಗೇರುಬೀಜ ಜಾಸ್ತಿಯೇ ಹಾಕಿದೆ. ಕಡ್ಲೆಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ. ಹೂವಿಗೆ ಚಿಂತೆಯೇ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಇಲ್ಲಿನ ಮನೆಗಳ ಮುಂದೆ ಡೇರೆ ಹೂ ತುಂಬಿರುತ್ತದೆ. ಮಗಳು ನಮ್ಮ ಬೀದಿಯ ಮನೆ ಮನೆಗೆ ಹೋಗಿ ಕೇಳಿ ಒಂದು ಬುಟ್ಟಿ ತಂದಳು.

8ರ ಸಂಜೆ ಮೆಸ್‌ನ ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿ ಪೂಜೆ ಆಯಿತು. ಸಿಬ್ಬಂದಿಯಲ್ಲಿ ಹೆಚ್ಚಿನವರು ಫಿಲಿಪೈನ್ಸ್‌ನವರು. ಅವರ ದೇಶದಲ್ಲೂ ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬ, ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ತೂತ್ತುಕುಡಿಯ ಸೆಕೆಂಡ್ ಆಫೀಸರ್ ವೇಳಾಂಕಣ್ಣಿಯ ಕಥೆ ಹೇಳಿದರು. ಬಿರುಗಾಳಿಗೆ ಸಿಕ್ಕಿದ ಪೋರ್ಚುಗೀಸ್ ನಾವಿಕರು ಮರಿಯಮ್ಮನಿಗೆ ಹರಕೆ ಹೊತ್ತು, ಇದೇ ದಿನ ಅಲ್ಲಿ ದಡ ಸೇರಿದರಂತೆ. ನಮ್ಮೂರಿನಲ್ಲಿ ಗದ್ದೆಯ ಹಬ್ಬವಾಗಿರುವ ದಿನ ಅಲ್ಲಿ ಕಡಲಿನವರ ಹಬ್ಬ. ಪೂಜೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಹೂ ಹಾಕಿದರು. ಗ್ರೀಸ್ ಹಿಡಿದ ಕೈಗಳನ್ನು ಎಷ್ಟು ತೊಳೆದರೂ ಉಗುರಿನ ಅಂಚು ಕಪ್ಪಾಗಿಯೇ ಇರುತ್ತದೆ. ಆ ಕೈಗಳಲ್ಲಿ ಡೇರೆ ಹೂ ನೋಡಿ ನನಗೆ ಅಪ್ಪ ಎದುರು ನಿಂತ ಹಾಗಾಯಿತು. ಉಕ್ರೇನಿನ ಚೀಫ್ ಎಂಜಿನಿಯರ್ ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ಅವರೂ ಬಂದು ಒಂದು ಹೂ ಇಟ್ಟು ಹೋದರು.

ಪಾದ್ರಿ ಗೋಧಿ ತೆನೆ ಆಶೀರ್ವದಿಸಿದರು. ಹಡಗಿನಲ್ಲಿ ವಯಸ್ಸಿನಲ್ಲಿ ಹಿರಿಯರು ಬೋಸನ್, ಅಂದರೆ ಡೆಕ್ಕಿನ ಕೆಲಸದವರ ಮೇಸ್ತ್ರಿ, ಫಿಲಿಪೈನ್ಸ್‌ನವರು. ಮನೆಯ ಯಜಮಾನರ ಜಾಗ ಅವರದ್ದು ಅಂತ ಕಿನ್ನಿಗೋಳಿ ಹುಡುಗನೇ ತೀರ್ಮಾನ ಮಾಡಿದ. ಬೋಸನ್ ಕಾಳು ಸುಲಿದು, ಪಾಯಸಕ್ಕೆ ಹಾಕಿ, ಎಲ್ಲರಿಗೂ ತಾವೇ ಬಡಿಸಿದರು.

ಊಟಕ್ಕೆ ಕೂರುವಾಗ ಒಂದು ಪ್ರಸಂಗ. ಹಡಗಿನ ಕುಕ್ ನನಗೆ ಹೇಳದೆ ಪಾನ್ಸಿತ್ ಮಾಡಿಟ್ಟಿದ್ದರು. ಹುಟ್ಟುಹಬ್ಬಕ್ಕೆ ಅವರಲ್ಲಿ ಈ ಉದ್ದನೆಯ ನೂಡಲ್ಸ್ ಆಗಲೇಬೇಕು, ಆಯಸ್ಸು ಉದ್ದವಾಗಲಿ ಅಂತ. ಮಾಂಸ ಇಲ್ಲ ಅಂತ ಗೊತ್ತಿದ್ದರಿಂದ ಎಲೆಕೋಸು, ಕ್ಯಾರೆಟ್ ಮಾತ್ರ ಹಾಕಿದ್ದರು. 1997ರ ಆ ನಿಯಮದಲ್ಲಿ ಕಡಲಿನವರಿಗೆ ಮಾಂಸ ಬಿಡುವ ಕಟ್ಟಳೆಯಿಂದಲೇ ವಿನಾಯಿತಿ ಇದೆ. ಆದರೂ ನಮ್ಮೂರ ಪದ್ಧತಿಗಾಗಿ ಅವರು ಹಾಗೆ ಮಾಡಿದ್ದು ನನಗೆ ತುಂಬಾ ದೊಡ್ಡದು. ಈಗ ಲೆಕ್ಕ ಹಾಕಿದರೆ ನನ್ನ ಐದು, ಅವರದ್ದು ಒಂದು, ಒಟ್ಟು ಆರು! ಕಿನ್ನಿಗೋಳಿ ಹುಡುಗನ ಮುಖ ಸಣ್ಣದಾಯಿತು. ಮಲ್ಪೆಯವರು "ಹತ್ತು ನಿಮಿಷ ಕೊಡಿ" ಅಂತ ಗ್ಯಾಲಿಗೆ (ಹಡಗಿನ ಅಡುಗೆಮನೆಗೆ) ಹೋದವರು ಬಟಾಟೆ ಪಲ್ಯ ಮಾಡಿಕೊಂಡೇ ಬಂದರು. ಒಗ್ಗರಣೆಗೆ ಅವರ ಕ್ಯಾಬಿನ್‌ನಲ್ಲಿ ಊರಿನ ತೆಂಗಿನೆಣ್ಣೆ ಇತ್ತು. ಏಳಾಯಿತು.

ಹುಡುಗ ಮನೆಗೆ ವಿಡಿಯೋ ಕಾಲ್ ಮಾಡಿದ. ಅಲ್ಲಿ ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಎದ್ದೇ ಇದ್ದರು. ಅಜ್ಜಿ ಕನ್ನಡಕ ಹಾಕಿಕೊಂಡು ತೆನೆಯನ್ನು ಹತ್ತಿರದಿಂದ ನೋಡಿದರು.

"ಇದು ಭತ್ತ ಅಲ್ವಲ್ಲ ಮಗಾ?"

"ಗೋಧಿ ಅಜ್ಜಿ. ಇಲ್ಲಿ ಇದೇ."

"ಪಾದ್ರಿಗಳು ಆಶೀರ್ವಾದ ಮಾಡಿದ್ದಾರಾ?"

"ಮಾಡಿದ್ದಾರೆ."

"ಮತ್ತೆ ಎಂಥ? ಊಟ ಮಾಡು, ತಣ್ಣಗಾಗ್ತದೆ."

ಮರುದಿನ ಭರತದ ನೀರಿಗೆ ಹಡಗು ಲಿಸ್ಬನ್ ಕಡೆ ಹೊರಟಿತು. ನಾನು ಡ್ಯೂಟಿಯಲ್ಲಿದ್ದೆ. ಕುಕ್‌ಗೆ ಪಾಯಸ ಮಾಡುವ ಕ್ರಮ ಬರೆದು ಕೊಟ್ಟಿದ್ದೆ, ಗಟ್ಟಿ ಹಾಲು ಹಾಕಿದ ಮೇಲೆ ಕುದಿಸಬೇಡಿ ಅನ್ನುವುದಕ್ಕೆ ಕೆಳಗೆ ಗೆರೆ ಎಳೆದು.

ಈ ಸಲ ಆ ರೈತರು ಹೊಲದ ಒಂದು ಮೂಲೆ ಕೊಯ್ಯದೆ ಬಿಡುತ್ತೇನೆ ಅಂದಿದ್ದಾರೆ. ಸೆಪ್ಟೆಂಬರ್ 8ಕ್ಕೆ ಯಾವ ಹಡಗು ಇರುತ್ತದೆ, ಅದರಲ್ಲಿ ಯಾರಿರುತ್ತಾರೆ ಅನ್ನುವುದು ಆಗಸ್ಟ್ ಕೊನೆಗಷ್ಟೇ ಗೊತ್ತಾಗುತ್ತದೆ. ತೊಂಡೆಕಾಯಿಗೆ ಈಗಲೇ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ.