ಪಾಪ, ಕ್ಯಾಟಲಿಸ್ಟ್ ಏನ್ ಮಾಡತ್ತೆ

ನೈಟ್ ಶಿಫ್ಟ್ ಮುಗೀತು, ತಲೇಲಿ ಮಾತ್ರ ಇನ್ನೂ ಕ್ರ್ಯಾಕಿಂಗ್ ಯೂನಿಟ್ಟೇ (ರಿಫೈನರೀಲಿ ಕ್ಯಾಟಲಿಸ್ಟ್ ಪುಡಿ ಬಳಸಿ ಭಾರೀ ಎಣ್ಣೆ ಒಡೆಯೋ ಘಟಕ) ಓಡ್ತಿದೆ. ನಿನ್ನೆಯಿಂದ ಫೀಡು, ಅಂದ್ರೆ ಒಳಗೆ ಹೋಗೋ ಎಣ್ಣೆ, ಸ್ವಲ್ಪ ಹೆವಿ, ನೋಡ್ತಾ ನೋಡ್ತಾ ರೀಜನರೇಟರ್ (ಬಳಸಿದ ಕ್ಯಾಟಲಿಸ್ಟ್ ಕ್ಲೀನ್ ಮಾಡೋ ಪಾತ್ರೆ) ಟೆಂಪರೇಚರ್ 700 ಡಿಗ್ರಿ ದಾಟಿ ಮೇಲೆ ಹೋಯ್ತು, ಯಾಕಂದ್ರೆ ಇಂಥ ಎಣ್ಣೆ ಕ್ಯಾಟಲಿಸ್ಟ್ ಮೇಲೆ ಕೋಕ್, ಅಂದ್ರೆ ಮಸಿ ಥರದ ಇಂಗಾಲ, ಜಾಸ್ತಿ ಬಿಡತ್ತೆ, ಅದೆಲ್ಲ ಅಲ್ಲೇ ಉರೀಬೇಕಲ್ಲ. ಎಲ್ರೂ ಬೈಯೋದು ಕ್ಯಾಟಲಿಸ್ಟಿಗೆ! ಬೆರಳಲ್ಲಿ ಉಜ್ಜಿದ್ರೆ ಬೂದಿ ಥರ ನುಣ್ಣಗಿರೋ ಪುಡಿ ಅದು, ರೈಸರ್ ಅನ್ನೋ ಉದ್ದ ಪೈಪಲ್ಲಿ ಎಣ್ಣೆ ಜೊತೆ ಇರೋದೇ 2-3 ಸೆಕೆಂಡು, ಅಷ್ಟರಲ್ಲೇ ದೊಡ್ಡ ದೊಡ್ಡ ಮಾಲಿಕ್ಯೂಲ್ ಮುರಿದು ಪೆಟ್ರೋಲು ಗ್ಯಾಸು ಎಲ್ಲ ಮಾಡ್ಬೇಕು. ಫೀಡಲ್ಲಿ ನಿಕಲ್ ಬಂದ್ರೆ ಹೈಡ್ರೋಜನ್ನೂ ಕೋಕೂ ಏರತ್ತೆ, ವೆನೇಡಿಯಂ ಅಂತೂ (ಅದೇ ನಿಜವಾದ ವಿಲನ್ನು) ಕ್ಯಾಟಲಿಸ್ಟ್ ಒಳಗೆ ಎಣ್ಣೆ ಒಡೆಯೋ ಜಿಯೋಲೈಟ್ ಹರಳನ್ನೇ ಹಾಳು ಮಾಡತ್ತೆ. ಆಮೇಲೆ ಫ್ರೆಶ್ ಕ್ಯಾಟಲಿಸ್ಟ್ ಸುರೀತಾ ಕೂರೋದು ನಾವು. ಸರಿ, ಮಲಗ್ತೀನಿ, ಯಾರೂ ಫೋನ್ ಮಾಡ್ಬೇಡಿ.